ಕನ್ನಡ ನಾಡಿನ ಮನೆ ಅಡುಗೆ: ಓದಬೇಕಾದ ಪುಸ್ತಕಗಳು, ಬರೆದಿಡಬೇಕಾದ ರುಚಿಗಳು

ಅಡುಗೆಯನ್ನು ಬರೆದಿಡುವ ಪರಂಪರೆ ಕನ್ನಡಕ್ಕೆ ಹೊಸತಲ್ಲ. ಕಲ್ಯಾಣ ಚಾಲುಕ್ಯರ ದೊರೆ ಎರಡನೆಯ ಜಯಸಿಂಹನ ಆಳ್ವಿಕೆಯಲ್ಲಿ, ಕ್ರಿ.ಶ. 1025ರ ಸುಮಾರಿಗೆ, ಎರಡನೆಯ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ಜ್ಯೋತಿಷ, ವಾಸ್ತು, ಅಂತರ್ಜಲ ಶೋಧನೆ, ವೃಕ್ಷಾಯುರ್ವೇದಗಳ ಜೊತೆಯಲ್ಲಿಯೇ ಸೂಪಶಾಸ್ತ್ರಕ್ಕೂ ಸ್ಥಾನ ದೊರೆತಿದೆ. ಆ ಕೃತಿಗೆ ಈಗ ಸಾವಿರ ವರ್ಷ ಸಂದಿದೆ. ಆದರೂ ನಗರದ ಬಾಡಿಗೆ ಮನೆಯಲ್ಲಿ ಬಸ್ಸಾರನ್ನೋ ಪುಂಡಿಪಲ್ಲೆಯನ್ನೋ ಮಾಡಲು ಹೊರಟವರಿಗೆ ಮೊದಲು ನೆನಪಾಗುವುದು ಊರಿನಲ್ಲಿರುವ ತಾಯಿಯ ದೂರವಾಣಿ ಸಂಖ್ಯೆ. ಅಲ್ಲಿಂದ ಬರುವ ಉತ್ತರವೂ ಬಹುಮಟ್ಟಿಗೆ ಒಂದೇ: ಕಣ್ಣಳತೆಗೆ ಹಾಕು, ಹದ ನೋಡಿಕೋ.

ಈ ಕಣ್ಣಳತೆ ಮತ್ತು ಹದ ಎಂಬೆರಡು ಮಾತುಗಳಲ್ಲಿಯೇ ನಾಡಿನ ಮನೆ ಅಡುಗೆಯ ಬಹುಪಾಲು ಜ್ಞಾನ ಅಡಗಿದೆ. ಅದನ್ನು ಬಲ್ಲ ಹಿರಿಯ ತಲೆಮಾರು ಮರೆಯಾಗುವ ಮುನ್ನ ಅದು ಬರಹಕ್ಕೆ ಇಳಿಯಬೇಕಿದೆ. ಈಗಾಗಲೇ ಬರಹಕ್ಕೆ ಇಳಿದಿರುವುದರಲ್ಲಿ ಏನಿದೆ, ಏನಿಲ್ಲ ಎಂಬುದನ್ನು ತಿಳಿಯುವುದು ಆ ಕೆಲಸದ ಮೊದಲ ಹೆಜ್ಜೆ.

ಸಾವಿರ ವರ್ಷದ ದಾಖಲೆ

ಇಂದು ಮನೆಮಾತಾಗಿರುವ ಇಡ್ಲಿಯ ಕತೆ ಹಳೆಯ ಪಾಕಗ್ರಂಥಗಳ ಬೆಲೆಯನ್ನು ಚೆನ್ನಾಗಿ ತೋರಿಸುತ್ತದೆ. ಸುಮಾರು 920ರ ಕಾಲದ್ದೆಂದು ಹೇಳಲಾಗುವ ಶಿವಕೋಟ್ಯಾಚಾರ್ಯನ ‘ವಡ್ಡಾರಾಧನೆ’ಯಲ್ಲಿ ‘ಇಡ್ಡಲಿಗೆ’ಯ ಹೆಸರು ಬರುತ್ತದೆ. ‘ಲೋಕೋಪಕಾರ’ ಅದನ್ನು ಮಾಡುವ ಕ್ರಮವನ್ನೇ ಹೇಳುತ್ತದೆ. ಉದ್ದಿನ ಬೇಳೆಯನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿನೀರು, ಜೀರಿಗೆ, ಕೊತ್ತಂಬರಿ, ಕಾಳುಮೆಣಸು, ಇಂಗುಗಳನ್ನು ಬೆರೆಸುವುದು ಅಲ್ಲಿನ ವಿಧಾನ. ಅದರಲ್ಲಿ ಅಕ್ಕಿಯ ಪ್ರಸ್ತಾಪವೇ ಇಲ್ಲ. ಇಂದಿನ ಇಡ್ಲಿಯ ಹಿಟ್ಟಿನಲ್ಲಿ ಹೆಚ್ಚು ಭಾಗ ಅಕ್ಕಿಯದೇ. ಒಂದು ತಿನಿಸು ಹೆಸರು ಉಳಿಸಿಕೊಂಡು ಒಳಗಿನಿಂದಲೇ ಬದಲಾದ ಈ ಸಂಗತಿ ಗೊತ್ತಾಗಿರುವುದು ಯಾರೋ ಅದನ್ನು ಬರೆದಿಟ್ಟಿದ್ದರಿಂದ.

‘ಲೋಕೋಪಕಾರ’ದ ಒಂದು ಶತಮಾನದ ನಂತರ, 1129ರ ಸುಮಾರಿಗೆ, ಕಲ್ಯಾಣವನ್ನು ಆಳುತ್ತಿದ್ದ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವನ್ನು ರಚಿಸಿದನು. ಅದರ ಅನ್ನಭೋಗ ಪ್ರಕರಣದಲ್ಲಿ ಇಡ್ಲಿ, ದೋಸೆ, ವಡೆಗಳ ಪೂರ್ವರೂಪಗಳಿವೆ. ಮೀನು, ಹಂದಿಯ ಮಾಂಸ ಮುಂತಾದವುಗಳ ಪಾಕವೂ, ಗದ್ದೆಯ ಇಲಿಯನ್ನು ಸುಡುವ ಕ್ರಮವೂ ಇದೆ. ರಾಜನ ಭೋಜನವನ್ನು ಕುರಿತ ಗ್ರಂಥದಲ್ಲಿ ಮಾಂಸಾಹಾರ ಇಷ್ಟು ಸಹಜವಾಗಿ ಬಂದಿರುವುದು ಗಮನಾರ್ಹ. ಇದು ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ ಹುಟ್ಟಿದ ಕೃತಿ ಎಂಬುದನ್ನೂ ನೆನೆಯಬೇಕು.

ಮೂರನೆಯ ಮಂಗರಸನ ‘ಸೂಪಶಾಸ್ತ್ರ’ (1508) ಕನ್ನಡದಲ್ಲಿ ಅಡುಗೆಗೆಂದೇ ಮೀಸಲಾದ ಕಾವ್ಯ. ವಾರ್ಧಕ ಷಟ್ಪದಿಯಲ್ಲಿರುವ ಈ ಕೃತಿ ಸಂಪೂರ್ಣ ಸಸ್ಯಾಹಾರಕ್ಕೆ ಸಂಬಂಧಿಸಿದ್ದು, ಕವಿ ಜೈನ. ಹಿಟ್ಟಿನ ತಿನಿಸು, ಪಾನಕ, ಅನ್ನ ಹಾಗೂ ಪಾಯಸಗಳಲ್ಲದೆ ಬದನೆಕಾಯಿ, ಬಾಳೆ, ಹಲಸು, ಕಳಲೆಗಳ ಅಡುಗೆಗಳೂ ಇದರಲ್ಲಿ ವಿವರವಾಗಿ ಬಂದಿವೆ. ಕೆಳದಿಯ ಬಸವಭೂಪಾಲನ ಸಂಸ್ಕೃತ ವಿಶ್ವಕೋಶ ‘ಶಿವತತ್ತ್ವರತ್ನಾಕರ’ವೂ ಅಡುಗೆಯನ್ನು ಒಂದು ಶಾಸ್ತ್ರವೆಂದೇ ಪರಿಗಣಿಸಿದೆ.

‘ಲೋಕೋಪಕಾರ’ದಿಂದ ‘ಸೂಪಶಾಸ್ತ್ರ’ದವರೆಗಿನ ಈ ಕೃತಿಗಳಲ್ಲಿ ಖಾರಕ್ಕೆ ಕಾಳುಮೆಣಸೇ ಆಧಾರ. ಮೆಣಸಿನಕಾಯಿ, ಆಲೂಗಡ್ಡೆ, ಟೊಮೆಟೊ, ಶೇಂಗಾ ಇವೆಲ್ಲ ಅಮೆರಿಕ ಖಂಡದ ಮೂಲದವು. ಪೋರ್ಚುಗೀಸರು ಸಮುದ್ರ ಮಾರ್ಗವಾಗಿ ಬಂದ ಮೇಲೆ ಇಲ್ಲಿ ಬೇರೂರಿದವು. ಉತ್ತರ ಕರ್ನಾಟಕದ ಗುರುತೇ ಆಗಿರುವ ಶೇಂಗಾ ಚಟ್ನಿಯೂ ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಯೂ ಈ ಲೆಕ್ಕದಲ್ಲಿ ಹೊಸಬರೇ. ಈ ಇತಿಹಾಸವನ್ನು ಒಟ್ಟಾಗಿ ಓದಬಯಸುವವರಿಗೆ ಕೊಳ್ಳೇಗಾಲದಲ್ಲಿ ಜನಿಸಿದ ತೈಲ ವಿಜ್ಞಾನಿ ಕೆ.ಟಿ. ಅಚ್ಚಯ್ಯ ಅವರು 1994ರಲ್ಲಿ ಪ್ರಕಟಿಸಿದ ‘ಇಂಡಿಯನ್ ಫುಡ್: ಎ ಹಿಸ್ಟಾರಿಕಲ್ ಕಂಪ್ಯಾನಿಯನ್’ ಉತ್ತಮ ಆಧಾರ. ‘ಲೋಕೋಪಕಾರ’ದ ಇಂಗ್ಲಿಷ್ ಅನುವಾದ 2006ರಲ್ಲಿ ಸಿಕಂದರಾಬಾದಿನ ಏಷ್ಯನ್ ಅಗ್ರಿ-ಹಿಸ್ಟರಿ ಫೌಂಡೇಶನ್ ವತಿಯಿಂದ ಹೊರಬಂದಿದೆ.

ಮನೆ ಬಿಟ್ಟವರಿಗಾಗಿ ಹುಟ್ಟಿದ ಪುಸ್ತಕಗಳು

ಅರಮನೆ ಮತ್ತು ಪಂಡಿತವರ್ಗದ ಗ್ರಂಥಗಳಿಂದ ಆಧುನಿಕ ಪಾಕಪುಸ್ತಕದ ದಾರಿ ಬೇರೆಯಾಯಿತು. ಇಪ್ಪತ್ತನೆಯ ಶತಮಾನದಲ್ಲಿ ಅಡುಗೆಯ ಪುಸ್ತಕ ಬರೆದವರಲ್ಲಿ ಹೆಚ್ಚಿನವರು ಗೃಹಿಣಿಯರು. ಉದ್ಯೋಗ, ವರ್ಗಾವಣೆ, ವಿವಾಹಗಳಿಂದ ತವರಿನ ಅಡುಗೆಮನೆಯಿಂದ ದೂರವಾದ ಹೆಣ್ಣುಮಕ್ಕಳೇ ಅವರ ಓದುಗರು. ಮಾನವಶಾಸ್ತ್ರಜ್ಞ ಅರ್ಜುನ್ ಅಪ್ಪಾದುರೈ ಅವರು 1988ರ ತಮ್ಮ ಪ್ರಸಿದ್ಧ ಲೇಖನದಲ್ಲಿ ಭಾರತದ ಪಾಕಪುಸ್ತಕಗಳ ಬೆಳವಣಿಗೆಯನ್ನು ನಗರದ ಮಧ್ಯಮ ವರ್ಗದ ಈ ಸಂಚಾರದೊಂದಿಗೇ ಜೋಡಿಸಿ ನೋಡಿದ್ದಾರೆ.

ತಮಿಳಿನ ಎಸ್. ಮೀನಾಕ್ಷಿ ಅಮ್ಮಾಳ್ ಅವರ ‘ಸಮೈತ್ತು ಪಾರ್’ (1951) ಇದಕ್ಕೆ ಪ್ರಸಿದ್ಧ ಉದಾಹರಣೆ. ಚಿಕ್ಕ ವಯಸ್ಸಿನಲ್ಲಿಯೇ ವೈಧವ್ಯ ಕಂಡ ಅವರ ಕೈರುಚಿಯನ್ನು ಬಲ್ಲ ಬಂಧುಗಳು ಪತ್ರ ಬರೆದು ಅಡುಗೆಯ ಕ್ರಮವನ್ನು ಕೇಳುತ್ತಿದ್ದರು. ಹಿರಿಯ ಬಂಧುವೊಬ್ಬರ ಒತ್ತಾಸೆಯಿಂದ ಆ ಉತ್ತರಗಳೇ ಗ್ರಂಥವಾದವು. ತಮಿಳುನಾಡಿನ ಎಷ್ಟೋ ಮನೆಗಳಲ್ಲಿ ಮದುಮಗಳಿಗೆ ಈ ಪುಸ್ತಕವನ್ನು ಕೊಟ್ಟು ಕಳುಹಿಸುವ ರೂಢಿ ಬೆಳೆಯಿತು. ಮರಾಠಿಯಲ್ಲಿ ಕಮಲಾಬಾಯಿ ಓಗಲೆ ಅವರ ‘ರುಚಿರಾ’ (1970) ಇದೇ ಬಗೆಯ ಮನ್ನಣೆ ಗಳಿಸಿತು.

ಕರ್ನಾಟಕದ ಕರಾವಳಿಗೆ ನೇರವಾಗಿ ಸಂಬಂಧಿಸಿದ ಪುಸ್ತಕ ‘ರಸಚಂದ್ರಿಕಾ’. ಉತ್ತರ ಕನ್ನಡ ಮತ್ತು ದಕ್ಷಿಣ ಕನ್ನಡದಿಂದ ಉದ್ಯೋಗ ಅರಸಿ ಮುಂಬೈ ಸೇರಿದ ಚಿತ್ರಾಪುರ ಸಾರಸ್ವತರ ಅಡುಗೆಯನ್ನು ಅಲ್ಲಿನ ಸಾರಸ್ವತ ಮಹಿಳಾ ಸಮಾಜವು ಮೊದಲು ಮರಾಠಿಯಲ್ಲಿ, ಮುಂದೆ ಇಂಗ್ಲಿಷಿನಲ್ಲಿ ಪುಸ್ತಕವಾಗಿ ತಂದಿತು. ಅಂಬಾಬಾಯಿ ಸಂಶಿ ಅವರು ಅದರ ಲೇಖಕಿ. ಮಂಗಳೂರಿನ ಇಸಿದೋರ್ ಕುವೆಲ್ಲೊ ಅವರ ‘ದಿ ಶೆಫ್’, ಸರಣ್ಯ ಎಸ್. ಹೆಗ್ಡೆ ಅವರ ‘ಮ್ಯಾಂಗಲೋರಿಯನ್ ಕ್ವಿಸೀನ್’, ಕೊಡಗಿಗೆ ಸಂಬಂಧಿಸಿದಂತೆ ರಾಣಿ ವಿಜಯ ಕುಟ್ಟಯ್ಯ ಅವರ ‘ಕ್ವಿಸೀನ್ ಫ್ರಂ ಕೂರ್ಗ್’ ಕೃತಿಗಳು ಇಂಗ್ಲಿಷಿನಲ್ಲಿ ಲಭಿಸುವ ಪ್ರಾದೇಶಿಕ ದಾಖಲೆಗಳು.

ಅಜ್ಜಿಯ ಬರಹಕ್ಕೆ ಮೊಮ್ಮಗಳು ಮರುಜೀವ ನೀಡಿದ ನಿದರ್ಶನ ನೆರೆಯ ಆಂಧ್ರದಲ್ಲಿದೆ. ಜಿ. ನಿರ್ಮಲಾ ರೆಡ್ಡಿ ಅವರು 1974ರಲ್ಲಿ ತೆಲುಗಿನಲ್ಲಿ ಪ್ರಕಟಿಸಿದ ‘ವನಿತಾ ವಂಟಕಾಲು’ ಪುಸ್ತಕವನ್ನು ಆಧಾರವಾಗಿಟ್ಟುಕೊಂಡು ಅರ್ಚನಾ ಪಿಡತಲ ಅವರು 2016ರಲ್ಲಿ ‘ಫೈವ್ ಮಾರ್ಸೆಲ್ಸ್ ಆಫ್ ಲವ್’ ಹೊರತಂದರು. ಅಜ್ಜಿಯ ಸಂಕ್ಷಿಪ್ತ ಸೂಚನೆಗಳನ್ನು ಮತ್ತೆ ಮತ್ತೆ ಮಾಡಿ ನೋಡಿ, ಇಂದಿನ ಓದುಗರಿಗೆ ಎಟುಕುವ ಅಳತೆಗೆ ತರುವುದು ಇಂಥ ಕೃತಿಯ ಮುಖ್ಯ ಶ್ರಮ.

ಪುಸ್ತಕಕ್ಕೆ ಸೇರದ ಅಡುಗೆಮನೆ

ಮೇಲಿನ ಪಟ್ಟಿಯನ್ನು ಗಮನಿಸಿದರೆ ಒಂದು ಕೊರತೆ ಎದ್ದು ಕಾಣುತ್ತದೆ. ಬರೆಯಲು ಬಿಡುವು, ಅಕ್ಷರ ಮತ್ತು ಮುದ್ರಣದ ಅನುಕೂಲವಿದ್ದ ಸಮುದಾಯಗಳ ಅಡುಗೆ ಪುಸ್ತಕವಾಗಿದೆ. ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗುವ ರೈತ ಮಹಿಳೆಯ, ಕೂಲಿಯವರ, ದಲಿತ ಕೇರಿಗಳ, ಬುಡಕಟ್ಟುಗಳ ಅಡುಗೆ ಬಹುತೇಕ ಬಾಯಿಮಾತಿನಲ್ಲಿಯೇ ಉಳಿದಿದೆ.

ಈ ಕೊರತೆಯನ್ನು ಎದುರಿಟ್ಟು ಬರೆದ ಕೃತಿ ಶಾಹೂ ಪಾಟೋಳೆ ಅವರ ಮರಾಠಿ ಪುಸ್ತಕ ‘ಅನ್ನ ಹೇ ಅಪೂರ್ಣಬ್ರಹ್ಮ’ (2015). ಅನ್ನವು ಪೂರ್ಣಬ್ರಹ್ಮ ಎಂಬ ರೂಢಿಯ ಮಾತನ್ನೇ ತಿರುವಿ ಇಟ್ಟ ಹೆಸರದು. ಮರಾಠವಾಡದ ದಲಿತರ ಅಡುಗೆಯನ್ನು, ಹಸಿವು ಮತ್ತು ಅಸ್ಪೃಶ್ಯತೆಯ ಚರಿತ್ರೆಯೊಂದಿಗೆ ಅದು ದಾಖಲಿಸುತ್ತದೆ. ಭೂಷಣ್ ಕೋರ್ಗಾಂವ್‌ಕರ್ ಅವರ ಇಂಗ್ಲಿಷ್ ಅನುವಾದ ‘ದಲಿತ್ ಕಿಚನ್ಸ್ ಆಫ್ ಮರಾಠವಾಡ’ 2024ರಲ್ಲಿ ಪ್ರಕಟವಾಯಿತು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮರಾಠವಾಡವೂ ಬೀದರ್, ಕಲಬುರಗಿ, ರಾಯಚೂರುಗಳೂ ಹೈದರಾಬಾದ್ ರಾಜ್ಯದಲ್ಲಿಯೇ ಇದ್ದವು. ಜೋಳದ ರೊಟ್ಟಿಯ ಸೀಮೆಯೂ ಒಂದೇ. ಆದ್ದರಿಂದ ಕಲ್ಯಾಣ ಕರ್ನಾಟಕದ ಓದುಗರಿಗೆ ಈ ಪುಸ್ತಕ ಪರಕೀಯ ಎನಿಸಲಾರದು.

ಯಾವ ಸೀಮೆಯಿಂದ ಆರಂಭಿಸಬಹುದು

ಹೋಟೆಲಿನ ಪಟ್ಟಿಯಲ್ಲಿ ಕಾಣುವ ಕೆಲವೇ ತಿನಿಸುಗಳ ಆಚೆಗೆ ಪ್ರತಿ ಸೀಮೆಯಲ್ಲಿಯೂ ಮನೆಯಲ್ಲಿ ಮಾತ್ರ ಸಿಗುವ ಅಡುಗೆಗಳಿವೆ. ಅವುಗಳ ಹಿಂದಿನ ತರ್ಕ ತಿಳಿದರೆ ಪಾಕವೂ ಸುಲಭವಾಗುತ್ತದೆ.

ಜೋಳದ ಸೀಮೆ: ಜೋಳದ ಹಿಟ್ಟಿನಲ್ಲಿ ಗೋಧಿಯ ಅಂಟು ಇಲ್ಲ. ಕುದಿಯುವ ನೀರು ಹಾಕಿ ನಾದುವುದರಿಂದ ಪಿಷ್ಟವು ಅರೆಬೆಂದು ಜಿಗಿ ಬರುತ್ತದೆ. ಹಾಗಾಗಿ ರೊಟ್ಟಿಯನ್ನು ತಟ್ಟಲು ಸಾಧ್ಯವಾಗುತ್ತದೆ. ಹಳೆಯ ಹಿಟ್ಟಿನ ರೊಟ್ಟಿ ಬಿರಿಯುತ್ತದೆಯಾದ್ದರಿಂದ ಆಗಾಗ ಸ್ವಲ್ಪ ಸ್ವಲ್ಪವೇ ಬೀಸಿಸುವುದು ರೂಢಿ. ಒಣಗಿಸಿದ ಖಡಕ್ ರೊಟ್ಟಿ ವಾರಗಟ್ಟಲೆ ಕೆಡದೆ ಉಳಿಯುತ್ತದೆ. ಜೊತೆಗೆ ಎಣ್ಣೆಗಾಯಿ, ಪುಂಡಿಪಲ್ಲೆ, ಜುಣಕ, ಗುರೆಳ್ಳು ಹಾಗೂ ಅಗಸೆಯ ಪುಡಿಗಳು. ಎಳ್ಳಮಾವಾಸ್ಯೆಯಂದು ಹೊಲದಲ್ಲಿ ಚರಗ ಚೆಲ್ಲಿ ಸಜ್ಜೆ ರೊಟ್ಟಿ, ಭಜ್ಜಿ ಉಣ್ಣುವ ಸಂಪ್ರದಾಯ ಈ ಸೀಮೆಯ ಅಡುಗೆಯನ್ನು ಒಂದೇ ಎಲೆಯಲ್ಲಿ ತೋರಿಸುತ್ತದೆ.

ಹಳೆ ಮೈಸೂರು: ರಾಗಿ ಮುದ್ದೆಯ ಜೊತೆಗಾರ ಬಸ್ಸಾರು ಮಿತವ್ಯಯದ ಪಾಠವೇ ಸರಿ. ಸೊಪ್ಪು ಮತ್ತು ಬೇಳೆಕಾಳನ್ನು ಒಟ್ಟಿಗೆ ಬೇಯಿಸಿ ಬಸಿದರೆ, ಬಸಿದ ಕಟ್ಟಿಗೆ ಮಸಾಲೆ ರುಬ್ಬಿ ಹಾಕಿ ಸಾರು, ಉಳಿದ ಸೊಪ್ಪುಕಾಳಿಗೆ ಒಗ್ಗರಣೆ ಕೊಟ್ಟು ಪಲ್ಯ. ಒಂದೇ ಉರಿಯಲ್ಲಿ ಎರಡು ಅಡುಗೆ. ಉಪ್ಪುಸಾರು, ಮಸ್ಸೊಪ್ಪು, ಹುರುಳಿಕಟ್ಟು, ಚಳಿಗಾಲದ ಹಿತುಕಿದ ಅವರೆಬೇಳೆ ಸಾರು ಇದೇ ಕುಟುಂಬದವು.

ಮಲೆನಾಡು: ತಂಬುಳಿಯಲ್ಲಿ ಮಜ್ಜಿಗೆಯನ್ನು ಒಲೆಗೆ ಏರಿಸುವುದಿಲ್ಲ. ಒಂದೆಲಗ ಅಥವಾ ದೊಡ್ಡಪತ್ರೆಯ ಎಲೆಯನ್ನು ತುಪ್ಪದಲ್ಲಿ ಜೀರಿಗೆ, ಕಾಳುಮೆಣಸಿನೊಂದಿಗೆ ಬಾಡಿಸಿ, ತೆಂಗಿನಕಾಯಿಯ ಜೊತೆ ರುಬ್ಬಿ ಮಜ್ಜಿಗೆಗೆ ಬೆರೆಸಿದರೆ ಸಾಕು. ಅಪ್ಪೆಮಿಡಿ ಉಪ್ಪಿನಕಾಯಿ, ಅಪ್ಪೆಹುಳಿ, ತೊಡೆದೇವು, ಮಳೆಗಾಲದ ಕಳಲೆ ಪಲ್ಯ ಈ ಸೀಮೆಯ ಹೆಗ್ಗುರುತುಗಳು. ಹಸಿ ಕಳಲೆಯಲ್ಲಿ ಸಯನೈಡ್ ಉಂಟುಮಾಡುವ ಅಂಶಗಳಿರುತ್ತವೆ. ಆದ್ದರಿಂದಲೇ ಅದನ್ನು ಹೆಚ್ಚಿ, ಪ್ರತಿದಿನ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿ, ಅನಂತರ ಚೆನ್ನಾಗಿ ಬೇಯಿಸುವ ಪದ್ಧತಿಯನ್ನು ಹಿರಿಯರು ಪಾಲಿಸಿದ್ದಾರೆ. ಈ ಹಂತವನ್ನು ಬಿಟ್ಟು ಬರೆದ ಪಾಕಕ್ರಮ ಅಪಾಯಕಾರಿ.

ಕರಾವಳಿ: ಕೇಸುವಿನ ಎಲೆಗೆ ಅಕ್ಕಿ ಮಸಾಲೆ ಸವರಿ, ಸುರುಳಿ ಸುತ್ತಿ ಹಬೆಯಲ್ಲಿ ಬೇಯಿಸುವ ಪತ್ರೊಡೆ ಮಳೆಗಾಲದ ಅಡುಗೆ. ಎಲೆಯಲ್ಲಿರುವ ಸೂಜಿಯಂಥ ಆಕ್ಸಲೇಟ್ ಹರಳುಗಳು ಗಂಟಲು ತುರಿಸುತ್ತವೆ; ಮಸಾಲೆಗೆ ಧಾರಾಳವಾಗಿ ಹುಣಸೆಹುಳಿ ಸೇರಿಸಿ ದೀರ್ಘಕಾಲ ಬೇಯಿಸುವುದು ಅದಕ್ಕೆ ಪರಿಹಾರ. ನೀರುದೋಸೆ, ಪುಂಡಿ, ಕೋರಿರೊಟ್ಟಿ, ಕ್ರೈಸ್ತರ ಮನೆಯ ಸನ್ನ ಮತ್ತು ಕ್ರಿಸ್ಮಸ್ ಕಾಲದ ಕುಸ್ವಾರ್, ಭಟ್ಕಳದ ನವಾಯತರ ಬಿರಿಯಾನಿ ಎಲ್ಲವೂ ಒಂದೇ ಕಡಲ ತೀರದವು. ಉಡುಪಿ ಸಮೀಪದ ಮಟ್ಟು ಗ್ರಾಮದ ಗುಳ್ಳ ಬದನೆಗೆ 2011ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆಯಿತು. ಇದರ ಬೀಜವನ್ನು ವಾದಿರಾಜ ಯತಿಗಳು ಊರಿಗೆ ಕೊಟ್ಟರೆಂಬ ಐತಿಹ್ಯವಿದೆ. ಗುಳ್ಳದ ಹುಳಿಯನ್ನು ಬೇರೆ ಬದನೆಯಲ್ಲಿ ಮಾಡಿದರೆ ಹೆಸರು ಮಾತ್ರ ಉಳಿಯುತ್ತದೆ.

ಕೊಡಗು: ಪಂದಿಕರಿಯ ಕಪ್ಪು ಬಣ್ಣ ಮತ್ತು ಹುಳಿಗೆ ಕಾಚಂಪುಳಿ ಕಾರಣ. ಪುನರ್ಪುಳಿಯ ಜಾತಿಗೆ ಸೇರಿದ ಮರದ ಹಣ್ಣಿನ ರಸವನ್ನು ಬಸಿದು ಗಟ್ಟಿಯಾಗುವಂತೆ ಕಾಯಿಸಿದರೆ ವರ್ಷಗಟ್ಟಲೆ ಕೆಡದ ಈ ಹುಳಿ ಸಿದ್ಧ. ವಿನೆಗರ್ ಬಳಸಿ ಎಂದು ಬರೆಯುವ ಪುಸ್ತಕ ಓದುಗರ ಅನುಕೂಲವನ್ನು ನೋಡಿದೆಯೇ ಹೊರತು ರುಚಿಯನ್ನಲ್ಲ. ಕಡಂಬುಟ್ಟು, ನೂಪುಟ್ಟು, ಅಕ್ಕಿ ಒಟ್ಟಿ ಇದರ ಜೊತೆಗಾರರು. ಕಕ್ಕಡ ಮಾಸದ 18ನೆಯ ದಿನ, ಅಂದರೆ ಆಗಸ್ಟ್ ಮೊದಲ ವಾರದಲ್ಲಿ, ಮದ್ದು ಸೊಪ್ಪಿನ ರಸದಿಂದ ಮಾಡುವ ನೇರಳೆ ಬಣ್ಣದ ಪಾಯಸ ವರ್ಷದ ಬೇರೆ ದಿನಗಳಲ್ಲಿ ಕಾಣಸಿಗುವುದು ವಿರಳ.

ಪುಸ್ತಕ ಕೊಳ್ಳುವ ಮುನ್ನ

ಒಳ್ಳೆಯ ಪ್ರಾದೇಶಿಕ ಪಾಕಪುಸ್ತಕವನ್ನು ಗುರುತಿಸಲು ಕೆಲವು ಸರಳ ಲಕ್ಷಣಗಳಿವೆ. ಮೊದಲನೆಯದಾಗಿ, ಅದು ಪದಾರ್ಥದ ತಳಿಯನ್ನು ಹೆಸರಿಸಬೇಕು. ಬ್ಯಾಡಗಿ ಮೆಣಸಿನಕಾಯಿಯಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಗುಂಟೂರು ಮೆಣಸಿನಕಾಯಿಯನ್ನು ಅದೇ ಪ್ರಮಾಣದಲ್ಲಿ ಹಾಕಿದರೆ ಅಡುಗೆ ಬಾಯಿಗಿಡಲಾಗದು. ಎರಡನೆಯದಾಗಿ, ಹದವನ್ನು ನಿಮಿಷದ ಜೊತೆಗೆ ಲಕ್ಷಣದಲ್ಲಿಯೂ ಹೇಳಬೇಕು. ಎಳೆಪಾಕ, ಉಂಡೆಪಾಕ, ಹಸಿವಾಸನೆ ಹೋಗುವುದು, ಎಣ್ಣೆ ಬಿಡುವುದು ಇವು ನಮ್ಮ ಅಡುಗೆಯ ನಿಜವಾದ ಗಡಿಯಾರ. ಮೂರನೆಯದಾಗಿ, ಕಾಲ ಮತ್ತು ಸ್ಥಳದ ಸೂಚನೆ ಇರಬೇಕು. ಮಂಗಳೂರಿನ ಸೆಕೆಯಲ್ಲಿ ರಾತ್ರಿ ಬೆಳಗಾಗುವುದರೊಳಗೆ ಹುದುಗುವ ಹಿಟ್ಟು ಬೆಂಗಳೂರಿನ ಡಿಸೆಂಬರಿನಲ್ಲಿ ಇನ್ನಷ್ಟು ಹೊತ್ತು ಬೇಡುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು ಸುಮಾರು 97 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ಬೇಳೆ ಬೇಯುವುದೂ ನಿಧಾನ.

ಹಳೆಯ ಪುಸ್ತಕಗಳನ್ನು ಬಳಸುವಾಗ ಅಳತೆಯ ವಿಷಯದಲ್ಲಿ ಎಚ್ಚರ ಬೇಕು. ಮೆಟ್ರಿಕ್ ಪದ್ಧತಿಗೆ ದಾರಿ ಮಾಡಿದ ಕಾಯಿದೆ 1956ರದು. ಅದಕ್ಕೂ ಹಿಂದಿನ ಬರಹಗಳಲ್ಲಿ, ಎಷ್ಟೋ ಕಡೆ ಅನಂತರವೂ, ಸೇರು, ಪಾವು, ಚಟಾಕು, ತೊಲಗಳೇ ಬರುತ್ತವೆ. ಒಂದು ತೊಲ ಎಂದರೆ ಸುಮಾರು 11.66 ಗ್ರಾಂ. ಸರಕಾರಿ ಸೇರಿಗೆ 80 ತೊಲ, ಅಂದರೆ ಸುಮಾರು 933 ಗ್ರಾಂ. ದಕ್ಷಿಣದಲ್ಲಿ ಬಳಕೆಯಲ್ಲಿದ್ದ ಕಚ್ಚಾ ಸೇರಿಗೆ 24 ತೊಲ, ಅಂದರೆ ಸುಮಾರು 280 ಗ್ರಾಂ ಮಾತ್ರ. ಧಾನ್ಯ ಅಳೆಯುವ ಸೇರು ತೂಕದ ಸೇರಿಗಿಂತ ಬೇರೆ. ಯಾವ ಊರಿನ ಯಾವ ಸೇರು ಎಂದು ತಿಳಿಯದೆ ಮಾಡಿದ ಸಿಹಿ ಕೆಟ್ಟರೆ ತಪ್ಪು ಪುಸ್ತಕದ್ದಲ್ಲ.

ಮನೆಯ ಅಡುಗೆಯನ್ನು ಬರೆದಿಡುವ ಕ್ರಮ

ಯಾವ ಪುಸ್ತಕದಲ್ಲಿಯೂ ಸಿಗದ ಅಡುಗೆ ಪ್ರತಿ ಮನೆಯಲ್ಲಿಯೂ ಒಂದೆರಡು ಇದ್ದೇ ಇರುತ್ತದೆ. ಅದನ್ನು ದಾಖಲಿಸಲು ವಿಶೇಷ ಪರಿಣತಿ ಬೇಕಿಲ್ಲ.

ಹಿರಿಯರನ್ನು ಕುಳ್ಳಿರಿಸಿ ಕೇಳುವುದಕ್ಕಿಂತ ಅವರು ಅಡುಗೆ ಮಾಡುವಾಗಲೇ ಬರೆದುಕೊಳ್ಳುವುದು ಲೇಸು; ಕೈಗೆ ನೆನಪಿರುವ ಎಷ್ಟೋ ಹಂತಗಳು ಬಾಯಿಗೆ ಬರುವುದಿಲ್ಲ. ಅವರ ಹಿಡಿ, ಚಿಟಿಕೆ, ಸೌಟುಗಳನ್ನು ಪಾತ್ರೆಗೆ ಬೀಳುವ ಮುನ್ನ ಸಣ್ಣ ತಕ್ಕಡಿಯ ಮೇಲಿಟ್ಟು ಗ್ರಾಂ ಲೆಕ್ಕ ಗುರುತಿಸಬೇಕು. ಒಂದೇ ಅಡುಗೆಯನ್ನು ಕನಿಷ್ಠ ಎರಡು ಬಾರಿಯಾದರೂ ಅಳೆಯುವುದು ಒಳ್ಳೆಯದು, ಏಕೆಂದರೆ ಕಣ್ಣಳತೆ ಆ ದಿನದ ಹುಣಸೆಯ ಹುಳಿಗೂ ಮೆಣಸಿನಕಾಯಿಯ ಖಾರಕ್ಕೂ ತಕ್ಕಂತೆ ಬದಲಾಗುತ್ತದೆ. ಆ ವ್ಯತ್ಯಾಸವನ್ನೂ ಬರೆದರೆ ಹದ ಎಂದರೇನೆಂಬುದು ಓದುವವರಿಗೆ ಅರ್ಥವಾಗುತ್ತದೆ.

ಪದಾರ್ಥಗಳನ್ನು ಮನೆಯಲ್ಲಿ ಕರೆಯುವ ಹೆಸರಿನಿಂದಲೇ ಬರೆಯಬೇಕು. ಒಂದೇ ಸೊಪ್ಪಿಗೆ ಧಾರವಾಡದಲ್ಲಿ ಒಂದು ಹೆಸರು, ಮಂಡ್ಯದಲ್ಲಿ ಇನ್ನೊಂದು. ಗಿಡದ ಚಿತ್ರವೊಂದು ಜೊತೆಗಿದ್ದರೆ ಗೊಂದಲವಿರದು. ಮಣ್ಣಿನ ಕಾವಲಿ, ಬಳಪದ ಕಲ್ಲಿನ ಪಾತ್ರೆ, ಒರಳು ಬಳಸುತ್ತಿದ್ದರೆ ಅದನ್ನೂ ನಮೂದಿಸಬೇಕು. ಯಾವ ತಿಂಗಳ, ಯಾವ ಹಬ್ಬದ ಅಡುಗೆ, ಯಾರಿಂದ ಕಲಿತದ್ದು ಎಂಬ ಎರಡು ಸಾಲು ಸೇರಿದರೆ ಮುಂದಿನವರಿಗೆ ಅದು ಕುಟುಂಬದ ಚರಿತ್ರೆಯೂ ಆಗುತ್ತದೆ. ಬರೆದದ್ದನ್ನು ಮನೆಯಲ್ಲಿ ಅಡುಗೆ ಬಾರದ ಒಬ್ಬರ ಕೈಗೆ ಕೊಟ್ಟು ಮಾಡಿಸಿ ನೋಡುವುದು ಕೊನೆಯ ಪರೀಕ್ಷೆ. ಅವರು ಎಲ್ಲಿ ತಡವರಿಸುವರೋ ಅಲ್ಲಿ ಒಂದು ಹಂತ ಬಿಟ್ಟುಹೋಗಿದೆ ಎಂದೇ ತಿಳಿಯಬೇಕು.

ಇಡ್ಲಿಗೆ ಅಕ್ಕಿ ಸೇರಿದ್ದು ಯಾವ ಊರಿನ ಯಾವ ಮನೆಯಲ್ಲಿ ಎಂಬುದಕ್ಕೆ ದಾಖಲೆ ಉಳಿದಿಲ್ಲ. ಅಂಥ ಬದಲಾವಣೆಗಳು ಇಂದೂ ಮನೆಮನೆಯಲ್ಲಿ ನಡೆಯುತ್ತಿವೆ. ಮುದ್ದೆಯ ಬದಲು ಅನ್ನ, ಒರಳಿನ ಬದಲು ಮಿಕ್ಸರ್, ಗುರೆಳ್ಳಿನ ಬದಲು ಶೇಂಗಾ ಬರುತ್ತಿರುವಾಗ ಹಿಂದಿನ ಕ್ರಮ ಯಾವುದಾಗಿತ್ತೆಂದು ಹೇಳಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರು ಇರುವಾಗಲೇ ಒಂದು ನೋಟುಪುಸ್ತಕವನ್ನು ತೆರೆಯುವುದು ಈ ತಲೆಮಾರಿನ ಕೈಯಲ್ಲಿದೆ.